ಮೂರು ಕೈಯ ಹರಿಗೋಲು

ನಮ್ಮ ಟೀಮಲ್ಲಿ ದಾವಣಗೆರೆ ಜಿಲ್ಲೆಯವರು ನಾಲ್ಕು ಜನ ಇದ್ದೀವಿ. ಒಬ್ಬ ಚನ್ನಗಿರಿಯವನು, ಒಬ್ಬಳು ನ್ಯಾಮತಿಯವಳು, ಒಬ್ಬ ಜಗಳೂರಿನವನು, ನಾನು ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಯವನು. ಬೆಂಗಳೂರಲ್ಲಿ ಯಾರಾದ್ರೂ "ನಿಮ್ದು ಯಾವೂರು?" ಅಂದ್ರೆ ನಾಲ್ವರೂ "ದಾವಣಗೆರೆ" ಅಂತೀವಿ, ಮುಂದಿನ ಮಾತು ಬೆಣ್ಣೆದೋಸೆಗೆ ಹೋಗುತ್ತೆ. ಅಲ್ಲಿಗೆ ನಮ್ಮ ಚರಿತ್ರೆ ಮುಗೀತು.

ಒಂದು ದಿನ ಊಟದ ಹೊತ್ತಲ್ಲಿ ಮಂಗಳೂರಿನ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮೂರಿನ ಹಳೇ ಬಂದರಿನ ಮಂಜಿಗಳ ಬಗ್ಗೆ ಹೇಳ್ತಿದ್ರು. ಮಂಜಿ ಅಂದ್ರೆ ಸರಕು ಸಾಗಿಸುವ ದೊಡ್ಡ ಮರದ ಹಡಗು. ತರಕಾರಿ, ದಿನಸಿ, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತೆ. ಕೇರಳದ ಬೇಪೂರಿನಲ್ಲಿ ಕಟ್ಟುವ ಉರು ಕೂಡ ಇದೇ ಜಾತಿಯದ್ದು. ನಕ್ಷೆ ಕಾಗದದ ಮೇಲಲ್ಲ, ಮೇಸ್ತ್ರಿಯ ತಲೆಯಲ್ಲಿರುತ್ತೆ, ಕೈಯಿಂದ ಕೈಗೆ ಬರುತ್ತೆ ಅಂತ ಅವರು ಹೆಮ್ಮೆಯಿಂದ ಹೇಳಿ, "ನಿಮ್ಮ ಕಡೆ ದೋಣಿ ಕಟ್ಟುವವರು ಇದ್ರಾ?" ಅಂತ ಕೇಳಿದ್ರು.

ಜಗಳೂರಿನವನು, "ಸಾರ್, ನಮ್ಮೂರಲ್ಲಿ ದೋಣಿ ಕಟ್ಟೋಕೆ ಮುಂಚೆ ನೀರು ಕಟ್ಟಬೇಕು" ಅಂದ. ಎಲ್ರೂ ನಕ್ಕರು. ನಾನು, "ಇದ್ರು ಸಾರ್. ನಾನೇ ಒಂದು ಕಟ್ಟಿದೀನಿ" ಅಂದೆ. ಅದು ಅರ್ಧ ಸುಳ್ಳು. ಆ ಅರ್ಧ ಸುಳ್ಳನ್ನ ಸರಿಮಾಡೋಕೆ ಇದನ್ನ ಬರೀತಿದೀನಿ.

ನಮ್ಮ ದೋಣಿಯ ಹೆಸರು ಹರಿಗೋಲು. ಕೆಲವರು ತೆಪ್ಪ ಅಂತಾರೆ, ರಾಯಚೂರಿನ ಕಡೆ ಪುಟ್ಟಿ ಅಂತಾರೆ. ದೊಡ್ಡದೊಂದು ಬಿದಿರ ಬುಟ್ಟಿ, ಅದರ ಹೊರಮೈಗೆ ಹೊದಿಕೆ. ಅಷ್ಟೇ. ಮುಂದೆ ಯಾವುದು, ಹಿಂದೆ ಯಾವುದು ಅನ್ನೋದೇ ಇಲ್ಲ. ಹಲಗೆ ಇಲ್ಲ, ಮೊಳೆ ಇಲ್ಲ. ಮಂಜಿಯ ಪಕ್ಕ ಇಟ್ಟರೆ ಮಕ್ಕಳ ಆಟದ ಸಾಮಾನಿನ ಹಾಗೆ ಕಾಣುತ್ತೆ. ಆದ್ರೆ ನಮ್ಮ ಹೊಳೆಗೆ ಮಂಜಿ ತಂದು ಬಿಟ್ಟರೆ ಅರ್ಧ ಗಂಟೆಯಲ್ಲಿ ಅದು ಸೌದೆಯಾಗುತ್ತೆ.

ಕಾರಣ ಹೊಳೆಯಲ್ಲೇ ಇದೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಉತ್ತರಕ್ಕೆ ತಿರುಗಿ, ಹೊನ್ನಾಳಿ ದಾಟಿ ಹರಿಹರಕ್ಕೆ ಹೋಗುತ್ತೆ. ಏಪ್ರಿಲ್‌ನಲ್ಲಿ ಮೊಣಕಾಲುದ್ದ ನೀರು, ನಡುನಡುವೆ ಬಂಡೆ. ಜುಲೈನಲ್ಲಿ ಅದೇ ಬಂಡೆಗಳು ಕಾಣಲ್ಲ, ಆದ್ರೆ ಕೆಂಪು ನೀರಿನ ಕೆಳಗೆ ಅಲ್ಲೇ ಕೂತಿರ್ತವೆ. ಹಲಗೆಯ ದೋಣಿ ಬಂಡೆಗೆ ತಾಗಿದರೆ ಸೀಳುತ್ತೆ. ಬುಟ್ಟಿ ತಾಗಿದರೆ ಬಾಗುತ್ತೆ, ಜಾರುತ್ತೆ, ಗಿರ್ರನೆ ಸುತ್ತಿ ಮುಂದೆ ಹೋಗುತ್ತೆ. ತಳ ಚಪ್ಪಟೆ ಇರೋದ್ರಿಂದ ಒಂದು ಗೇಣು ನೀರಿದ್ರೂ ತೇಲುತ್ತೆ. ದಡಕ್ಕೆ ಬಂದ ಮೇಲೆ ಅಂಬಿಗ ಅದನ್ನ ಆಮೆ ಚಿಪ್ಪಿನ ಹಾಗೆ ಬೆನ್ನಿಗೆ ಹಾಕ್ಕೊಂಡು ಮನೆಗೆ ನಡೀತಾನೆ. ಯಾವ ಬಂದರೂ ಬೇಡ.

ಇದು ಎಷ್ಟು ಹಳೇದು? ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪೇಸ್, ಆನೆಗೊಂದಿಗೆ ಹೋಗಲು ಜನ ಹೊಳೆ ದಾಟುತ್ತಿದ್ದ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತದಂಥ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸ್ತಾರೆ, ಬೇಕಾದ್ರೆ ಕುದುರೆ, ಎತ್ತನ್ನೂ ದಾಟಿಸಬಹುದು, ನೆಟ್ಟಗೆ ಹೋಗಲ್ಲ, ಸುತ್ತುತ್ತಲೇ ಹೋಗುತ್ತವೆ ಅನ್ನೋದು ಅವನ ವರದಿ. ಈ ರಾಜ್ಯದ ಹೊಳೆಗಳಲ್ಲಿ ಇದು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಅಂತಾನೂ ಸೇರಿಸಿದ್ದಾನೆ. ಆಗಿನ ಪ್ರಪಂಚದ ಅತಿ ದೊಡ್ಡ ನಗರಗಳಲ್ಲೊಂದು ವಿಜಯನಗರ. ಅದರ ಪಕ್ಕದ ಹೊಳೆಯಲ್ಲಿ ಓಡಾಡ್ತಿದ್ದದ್ದು ನಮ್ಮೂರ ಅಂಬಿಗರ ಇದೇ ಬುಟ್ಟಿ.

ಇದು ನಮ್ಮದು ಮಾತ್ರ ಅಂತ ಬೀಗೋ ಹಾಗೂ ಇಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಕಡ್ಡಿಯ ಚೌಕಟ್ಟು, ಮೇಲೆ ತೊಗಲು, ಒಳಗೆ ಸರಕು, ಸರಕಿನ ಜತೆ ಒಂದು ಕತ್ತೆ. ಹೊಳೆ ಇಳಿದು ಊರು ಮುಟ್ಟಿದ ಮೇಲೆ ಸರಕು ಮಾರಿ, ಚೌಕಟ್ಟನ್ನೂ ಮಾರಿ, ತೊಗಲನ್ನ ಕತ್ತೆ ಮೇಲೆ ಹೇರಿಕೊಂಡು ನಡೆದು ವಾಪಸ್ ಹೋಗ್ತಿದ್ರಂತೆ. ಇರಾಕಿನಲ್ಲಿ ಇದರ ತಮ್ಮ ಗುಫ್ಫಾ 20ನೇ ಶತಮಾನದಲ್ಲೂ ಟೈಗ್ರಿಸ್ ನದಿ ಮೇಲೆ ಓಡಾಡ್ತಿತ್ತು, ಅದಕ್ಕೆ ತೊಗಲಿನ ಬದಲು ನೆಲದಲ್ಲಿ ಸಿಗುವ ಡಾಂಬರು ಬಳೀತಿದ್ರು. ಟಿಬೆಟ್ಟಿನಲ್ಲಿ ಯಾಕ್ ತೊಗಲಿನ ದೋಣಿ ಇದೆ, ಬ್ರಿಟನ್ನಿನ ವೇಲ್ಸ್‌ನಲ್ಲೂ ಬುಟ್ಟಿ ದೋಣಿ ಇದೆ. ಎಲ್ಲಿ ಹೊಳೆ ಆಳ ಇಲ್ಲವೋ, ದೊಡ್ಡ ಮರ ಸುಲಭಕ್ಕೆ ಸಿಗಲ್ಲವೋ, ದನ ಇವೆಯೋ, ಅಲ್ಲೆಲ್ಲ ಮನುಷ್ಯ ಒಂದೇ ಉತ್ತರಕ್ಕೆ ಬಂದಿದ್ದಾನೆ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಈ ಬುಟ್ಟಿ ಯುದ್ಧಕ್ಕೂ ಹೋಗಿದೆ. 1799ರ ಮೇ 4ರಂದು ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಮನೆಯಿಂದ ಹೊರಬಂದವರಲ್ಲಿ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಒಬ್ಬ. ಕೆಲಸ ಕಳಕೊಂಡ ಸೈನಿಕರನ್ನ ಸೇರಿಸಿಕೊಂಡು ನಮ್ಮ ಕಡೆಯಲ್ಲೇ ದಂಡು ಕಟ್ಟಿದ. ಕಂಪನಿ ಸೇನೆ ಅಟ್ಟಿದಾಗ ಹೊಳೆ ಆಚೆಯ ಮರಾಠರ ಸೀಮೆಗೆ ಜಾರಿಕೊಂಡ, ಮರುವರ್ಷ ಇನ್ನೂ ದೊಡ್ಡ ದಂಡಿನೊಂದಿಗೆ ಎದ್ದ. ಅವನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನ್ನ ವಾಟರ್ಲೂನಲ್ಲಿ ಸೋಲಿಸಿ ಹೆಸರಾದ ವೆಲ್ಲಿಂಗ್ಟನ್. 1800ರ ಜೂನ್‌ನಲ್ಲಿ ಅವನ ಸೇನೆ ಹರಿಹರದ ಹತ್ತಿರ ತುಂಗಭದ್ರೆ ದಾಟಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ.

ನನಗೆ ಇಲ್ಲಿ ಹಿಡಿಸಿದ್ದು ಯುದ್ಧಕ್ಕಿಂತ ವೆಲ್ಲೆಸ್ಲಿ ಕಲಿತ ಪಾಠ. 1803ರಲ್ಲಿ ಮರಾಠರ ಮೇಲೆ ಹೋಗುವಾಗ ಅವನು ಸುಮಾರು 10 ಅಡಿ ಅಗಲದ ತೊಗಲು ಹೊದಿಸಿದ ಬುಟ್ಟಿ ದೋಣಿಗಳನ್ನ ಮಾಡಿಸೋಕೆ ಅಳತೆ ಸಮೇತ ಆದೇಶ ಬರೆದ. ಮಳೆಗಾಲದಲ್ಲಿ ಹೊಳೆ ತುಂಬಿದಷ್ಟೂ ನಮಗೆ ಲಾಭ, ಶತ್ರುವಿನ ಕುದುರೆ ದಂಡು ಈಚೆ ದಡದಲ್ಲೇ ನಿಲ್ಲುತ್ತೆ, ನಾವು ಬುಟ್ಟಿಯಲ್ಲಿ ದಾಟ್ತೀವಿ ಅನ್ನೋದು ಅವನ ಲೆಕ್ಕ. ಅವನ ಆದೇಶ ಕಾಗದದಲ್ಲಿ ಉಳೀತು, ಅಚ್ಚಾಯಿತು. ಬಿದಿರು ಸೀಳಿದವನ, ತೊಗಲು ಹೊಲಿದವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಎಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಆ 10 ಅಡಿಯ ಬುಟ್ಟಿಯ ಲೆಕ್ಕ ಹಾಕಿದೆ. ತಳದ ವಿಸ್ತೀರ್ಣ ಸುಮಾರು 78 ಚದರಡಿ. ಒಂದು ಇಂಚು ಮುಳುಗಿದರೆ ಅದು ಸುಮಾರು 185 ಲೀಟರ್ ನೀರನ್ನ ಪಕ್ಕಕ್ಕೆ ತಳ್ಳುತ್ತೆ, ಅಂದ್ರೆ 185 ಕೆ.ಜಿ. ಹೊರುತ್ತೆ. 60 ಕೆ.ಜಿ.ಯ ಇಪ್ಪತ್ತು ಜನ ಕೂತರೆ ಆರೂವರೆ ಇಂಚು ಇಳಿಯುತ್ತೆ. ಎರಡಡಿ ಎತ್ತರದ ಬುಟ್ಟಿಗೆ ಇದು ಏನೂ ಅಲ್ಲ. ಪೇಸ್ ಹೇಳಿದ ಹದಿನೈದಿಪ್ಪತ್ತು ಜನದ ಮಾತು ಉತ್ಪ್ರೇಕ್ಷೆ ಅಲ್ಲ. ಮೇಲಾಗಿ, ಅಷ್ಟೇ ಸುತ್ತಳತೆಯ ಅಂಚಿನಲ್ಲಿ ಅತಿ ಹೆಚ್ಚು ಜಾಗ ಕೊಡುವ ಆಕಾರ ವೃತ್ತ. ಕಡಿಮೆ ಸಾಮಾನು, ಹೆಚ್ಚು ಸರಕು. ಇದಕ್ಕೆ ತೆರುವ ಬೆಲೆ ಒಂದೇ, ಅದು ಸುತ್ತುತ್ತೆ. ಅದಕ್ಕೇ ಅಂಬಿಗ ಪಕ್ಕದಲ್ಲಿ ಹುಟ್ಟು ಹಾಕಲ್ಲ. ಮುಂದಿನ ಅಂಚಲ್ಲಿ ನಿಂತೋ ಕೂತೋ ನೀರನ್ನ ತನ್ನ ಕಡೆಗೆ ಎಳ್ಕೋತಾನೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ದೋಣಿಯನ್ನ ತಳ್ಳೋದಲ್ಲ, ಹೊಳೆಯನ್ನ ಎಳೆಯೋದು.

ಇನ್ನು ನಾನು ಕಟ್ಟಿದ ಕಥೆ. 2020ರಲ್ಲಿ ಲಾಕ್‌ಡೌನ್ ಆಗಿ ಲ್ಯಾಪ್‌ಟಾಪ್ ಸಮೇತ ಊರು ಸೇರಿದೆ. ನೆಟ್‌ವರ್ಕ್ ಸಿಗ್ತಿದ್ದದ್ದು ಹೊಳೆದಂಡೆಯ ಕಟ್ಟೆ ಮೇಲೆ ಮಾತ್ರ. ಅಲ್ಲಿ ದಿನಾ ಒಬ್ಬ ಅಜ್ಜ ಬಂದು ಕೂರ್ತಿದ್ದ. ಎಂಬತ್ತರ ಹತ್ತಿರದ ಅಂಬಿಗ. ನಾನು ಚಿಕ್ಕವನಿದ್ದಾಗ ಆಚೆ ದಡದ ಸಂತೆಗೆ, ಅಮ್ಮನ ತವರಿಗೆ ದಾಟಿಸ್ತಿದ್ದದ್ದು ಇವನೇ. ಸೇತುವೆ ಸುತ್ತಿ ಹೋಗೋದಕ್ಕಿಂತ ಹರಿಗೋಲೇ ಹತ್ತಿರ ಆಗ್ತಿತ್ತು. ಅವನಿಗೆ ನಾನು ಮೊಮ್ಮಗನ ವಯಸ್ಸಿನವನು, ಆದ್ರೂ "ಸಣ್ಣ ಗೌಡ್ರೇ" ಅಂತಲೇ ಕರೀತಿದ್ದ, ಬಹುವಚನದಲ್ಲಿ. ನಾನು ಅವನನ್ನ "ಅಜ್ಜ" ಅಂತಿದ್ದೆ, ಏಕವಚನದಲ್ಲಿ. ನಮ್ಮಿಬ್ಬರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

"ಅಜ್ಜ, ಒಂದು ಹರಿಗೋಲು ಹೆಣೆಯೋದು ಕಲಿಸು" ಅಂದೆ. ಅವನು ನಕ್ಕ. "ಇಂಟರ್ನೆಟ್ಟಲ್ಲಿ ಇಲ್ಲೇನು?" ಅಂದ. ಆಮೇಲೆ ಒಪ್ಪಿದ, ಮಳೆ ಹಿಡಿಯೋದ್ರೊಳಗೆ ಮುಗೀಬೇಕು ಅಂತ ಷರತ್ತು ಹಾಕಿ.

ಮೊದಲು ಬಿದಿರು. "ಮುಂಚೆ ಚನ್ನಗಿರಿ ಉಬ್ರಾಣಿ ಕಡೆ ಕಾಡಿಂದ ಗಾಡಿ ಮ್ಯಾಲೆ ಬರ್ತಿತ್ತು" ಅಂದ ಅಜ್ಜ. ಈಗ ತೋಟದ ಬೇಲಿಯಲ್ಲಿ ಬೆಳೆದದ್ದೇ ಗತಿ. ಎಳೇದು ಬೇಡ, ಹುಳ ಹೊಡೀತದೆ. ತೀರಾ ಬಲಿತದ್ದೂ ಬೇಡ, ಬಾಗಲ್ಲ. ಮಚ್ಚಿನಿಂದ ಉದ್ದಕ್ಕೆ ಸೀಳಿ, ಗಂಟು ಸವರಿ, ಎರಡು ಬೆರಳಗಲದ ದಬ್ಬೆ ಮಾಡಬೇಕು. ಸೀಳೋದನ್ನ ಮೊದಲೆಲ್ಲ ಮೇದಾರರು ಮಾಡ್ತಿದ್ರಂತೆ, ಹೆಣೆಯೋದು ಮಾತ್ರ ಅಂಬಿಗರು. ನನ್ನ ದಬ್ಬೆಗಳು ಒಂದೂ ಒಂದರ ಹಾಗೆ ಬರಲಿಲ್ಲ. ಅಜ್ಜ ಏನೂ ಹೇಳದೆ ಅರ್ಧದಷ್ಟನ್ನ ಒಲೆಗೆ ಅಂತ ಪಕ್ಕಕ್ಕೆ ಎಸೆದ.

ಆಮೇಲೆ ನೆಲ. ಕಣದಂಥ ಮಟ್ಟಸ ಜಾಗದಲ್ಲಿ ಗೂಟ ಬಡಿದು ಹಗ್ಗದಿಂದ ದುಂಡಗೆ ಗೆರೆ ಎಳೆದ. ದಬ್ಬೆಗಳನ್ನ ಜೋಡಿ ಜೋಡಿಯಾಗಿ ಅಡ್ಡ, ಉದ್ದ, ಓರೆ ಹಾಕಿ ನಡುವಿಂದ ಹೊರಕ್ಕೆ ಹೆಣೀತಾ ಹೋದ. ನಾನು ನೋಟ್‌ಬುಕ್ ತೆಗೆದು ಎಣಿಸೋಕೆ ಶುರು ಮಾಡಿದೆ. "ಎಣಿಸಬ್ಯಾಡಿ, ಕೈ ನೋಡ್ರಿ" ಅಂದ. ಗೆರೆಯ ತನಕ ತಳ ಆದ ಮೇಲೆ ನಡುವೆ ದಪ್ಪ ಕಲ್ಲುಗಳನ್ನ ಹೇರಿ, ಹೊರಗೆ ಚಾಚಿದ ತುದಿಗಳಿಗೆ ನೀರು ಹಾಕಿ ನೆನೆಸಿ, ಒಂದೊಂದನ್ನೇ ಮೇಲಕ್ಕೆ ಬಾಗಿಸಿ ಹಗ್ಗಕ್ಕೆ ಕಟ್ಟಬೇಕು. ಈ ಹಂತದಲ್ಲಿ ನನ್ನ ಕೈಲಿ ಮೂರು ದಬ್ಬೆ ಚಟ್ ಅಂತ ಮುರಿದ್ವು.

ಅಜ್ಜ ಮುರಿದದ್ದನ್ನ ಎತ್ತಿ ತೋರಿಸಿದ. ನಾನು ಹಸಿರು ಸಿಪ್ಪೆಯ ಕಡೆಯನ್ನ ಒಳಗೆ ಹಾಕಿದ್ದೆ. "ಬಿದಿರಿಗೂ ಬೆನ್ನು, ಹೊಟ್ಟೆ ಐತೆ ಸಣ್ಣ ಗೌಡ್ರೆ. ಬಗ್ಗುವಾಗ ಬೆನ್ನು ಹೊರಗಿರಬೇಕು. ನಾವು ಬಗ್ಗೋದೂ ಹಂಗೇ ಅಲ್ವಾ?" ಅಂದ. ಬಿದಿರಿನ ಹೊರ ಪದರದಲ್ಲಿ ನಾರು ಒತ್ತಾಗಿರುತ್ತೆ, ಎಳೆತ ತಡೆಯೋದು ಅದೇ. ಬಿ.ಇ. ಮೊದಲ ವರ್ಷದಲ್ಲಿ ಪಾಸಾದ ಪೇಪರಿನ ವಿಷಯ ಇದು. ಪೇಪರಿನಲ್ಲಿ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ.

ಹನ್ನೊಂದು ದಿನಕ್ಕೆ ಬುಟ್ಟಿ ಎದ್ದು ನಿಂತಿತು. ಅಂಚಿಗೆ ದಬ್ಬೆಗಳ ದಪ್ಪ ಬಳೆ ಸುತ್ತಿ ಬಿಗಿದ ಮೇಲೆ ಅದಕ್ಕೆ ಒಂದು ಗತ್ತು ಬಂತು. ನಾನು ಮಾಡಿದ್ದು ಹೆಚ್ಚೆಂದರೆ ಐದರಲ್ಲೊಂದು ಪಾಲು. ಇನ್ನು ಹೊದಿಕೆ. ಅಜ್ಜ ಗೊಬ್ಬರದ ಖಾಲಿ ಚೀಲಗಳನ್ನ ಬಿಚ್ಚಿ ಹೊಲಿಯೋಕೆ ಕೂತ. ಇದರ ಮೇಲೆ ಡಾಂಬರು ಕಾಯಿಸಿ ಬಳಿದರೆ ಆಯ್ತು.

ನನಗೆ ಮನಸ್ಸಾಗಲಿಲ್ಲ. ಪೇಸ್ ಕಂಡದ್ದು, ವೆಲ್ಲೆಸ್ಲಿ ಅಳೆದದ್ದು ತೊಗಲ ದೋಣಿ. ಯೂರಿಯಾ ಚೀಲ ಹೊದಿಸಿದರೆ ಅದು ಒರಿಜಿನಲ್ ಹೆಂಗಾಗುತ್ತೆ? "ಅಜ್ಜ, ತೊಗಲು ಹಾಕೋಣ" ಅಂದೆ. ಅಜ್ಜ ಹೊಲಿಯೋದನ್ನ ನಿಲ್ಲಿಸಿ ನನ್ನ ಮುಖ ನೋಡಿದ. "ಹಾಕಬೌದು. ಆದ್ರೆ ಅದು ನನ್ನ ಕೆಲಸ ಅಲ್ಲ. ಕೇರಿಗೆ ಹೋಗಿ ಕೇಳ್ರಿ" ಅಂದ.

ಕೇರಿ ಅಂದ್ರೆ ಊರಾಚೆಯ ಮಾದಿಗರ ಕೇರಿ. ಮೂವತ್ತು ದಾಟಿದ ನಾನು, ಹುಟ್ಟಿದ ಊರಿನ ಆ ಬೀದಿಗೆ ಅವತ್ತು ಮೊದಲ ಸಲ ಕಾಲಿಟ್ಟೆ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ಬರೆಯದಿದ್ರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತೆ.

ಅಲ್ಲೊಬ್ಬರು ಅಜ್ಜಿ ಇದ್ರು. ಅವರ ಯಜಮಾನರು ಈ ಕಡವಿನ ಹರಿಗೋಲುಗಳಿಗೆಲ್ಲ ತೊಗಲು ಹೊಲೀತಿದ್ದವರು. ತೀರಿಹೋಗಿ ಬಹಳ ವರ್ಷ ಆಗಿದೆ. ಅಜ್ಜಿ ಕೆಲಸದ ವಿವರ ಬಿಡಿಬಿಡಿಯಾಗಿ ಹೇಳಿದ್ರು. ಊರಲ್ಲಿ ದನ ಸತ್ತರೆ ಎಳೆದು ತರೋದು, ಸುಲಿಯೋದು. ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆಯೋದು. ಆಮೇಲೆ ತಂಗಡಿ ತೊಗಟೆ ಹಾಕಿದ ನೀರಲ್ಲಿ ದಿನಗಟ್ಟಲೆ ಬಿಟ್ಟು ಹದ ಮಾಡೋದು. ತಂಗಡಿ ಅಂದ್ರೆ ಜಗಳೂರು ಕಡೆಯ ಒಣ ಬಯಲಲ್ಲಿ ಹಳದಿ ಹೂ ಬಿಡುವ ಪೊದೆ. ದಕ್ಷಿಣ ಭಾರತದಲ್ಲಿ ತೊಗಲು ಹದ ಮಾಡೋಕೆ ಬಹಳ ಕಾಲದಿಂದ ಬಳಸಿದ್ದು ಅದನ್ನೇ. ಒಂದು ದೊಡ್ಡ ಹರಿಗೋಲಿಗೆ ಒಂದು ದನದ ತೊಗಲು ಸಾಲಲ್ಲ, ಮೂರ್ನಾಲ್ಕನ್ನ ಜೋಡಿಸಿ ತೊಗಲಿನ ದಾರದಲ್ಲೇ ಹೊಲೀಬೇಕು. ಹೊಲಿಗೆಯಲ್ಲಿ ಒಂದು ತೂತು ಸಡಿಲಾದ್ರೂ ನಡುಹೊಳೆಯಲ್ಲಿ ನೀರು. ಅಷ್ಟೂ ಜನರ ಜೀವ ಆ ಹೊಲಿಗೆ ಮೇಲೆ. ಕಪಿಲೆ ಬಾವಿಯ ತೊಗಲ ಚೀಲಗಳನ್ನ ಹೊಲೀತಿದ್ದದ್ದೂ ಅವರೇ. ಅಂದ್ರೆ ಊರಿನ ಹೊಲಕ್ಕೆ ನೀರು ಎತ್ತಿದ್ದೂ, ಊರನ್ನ ನೀರು ದಾಟಿಸಿದ್ದೂ ಅದೇ ಕೈ.

ನಾನು ದುಡ್ಡಿನ ಮಾತು ತೆಗೆದೆ. "ಯಾರಾದ್ರೂ ಕಲಿತವರಿದ್ರೆ ಹೇಳಿ ಅಜ್ಜಿ, ಎಷ್ಟಾದ್ರೂ ಕೊಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನ ನಾನು ಮನೆಗೆ ಬಂದ ಕೂಡಲೇ ಬರೆದಿಟ್ಟುಕೊಂಡೆ:

"ನಮ್ಮ ಯಜಮಾನ್ರು ಹೊಲಿದ ಹರಿಗೋಲಿಗೆ ನಾವು ಕೊನೆಗೆ ಹತ್ತಬೇಕಿತ್ತು ಸಣ್ಣ ಗೌಡ್ರೆ. ಊರೋರೆಲ್ಲ ದಾಟಿದ ಮ್ಯಾಲೆ ಜಾಗ ಇದ್ರೆ. ನಿಮಗೆ ಈಗ ಫೋಟೋಕ್ಕೆ ತೊಗಲು ಬೇಕು. ನಮಗೆ ಆ ವಾಸನೆ ಬಿಡಿಸ್ಕೊಳ್ಳೋಕೆ ಎರಡು ತಲೆ ಬೇಕಾಯ್ತು. ನನ್ನ ಮೊಮ್ಮಗ ಬೆಂಗಳೂರಾಗೆ ಲ್ಯಾಬ್ ಟೆಕ್ನೀಶಿಯನ್. ಅವನಿಗೆ ಹೇಳ್ಲಾ, ಬಂದು ಹೊಲಿ ಅಂತ?"

ವಾಪಸ್ ಬರುವ ದಾರಿಯಲ್ಲಿ ನೆನಪಾಗಿದ್ದು ನಮ್ಮಜ್ಜ. ಊರಿಗೆ ದೊಡ್ಡ ಮನುಷ್ಯ. ಮನೆಯ ನಡುಮನೆಯಲ್ಲಿ ಬಸವಣ್ಣನ ಪಟ, ಬಾಯಲ್ಲಿ ವಚನ. ಆಚೆ ದಡದಿಂದ ಬಂದಾಗಲೆಲ್ಲ ಹಿತ್ತಲಲ್ಲಿ ಕೈಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡೇ ಒಳಗೆ ಬರ್ತಿದ್ದ. ನಾನು ಅದನ್ನ ಹೊಳೆಯ ಕೆಸರಿಗೆ ಅಂತ ತಿಳ್ಕೊಂಡಿದ್ದೆ. ಅವತ್ತು ಅಮ್ಮನ್ನ ಕೇಳಿದೆ. "ಕೆಸರಿಗಲ್ಲಪ್ಪ. ತೊಗಲ ಮೇಲೆ ಕೂತು ಬಂದಿರ್ತಿದ್ರಲ್ಲ, ಅದಕ್ಕೆ" ಅಂದಳು. ನನ್ನ ಬಾಲ್ಯದಲ್ಲಿ ನಮ್ಮ ಕಡವಿನ ಹರಿಗೋಲುಗಳಿಗೆ ಪ್ಲಾಸ್ಟಿಕ್ ಬಂದಾಗಿತ್ತು. ತೊಗಲು ಹೋದ ಮೇಲೂ ನಮ್ಮಜ್ಜ ತೊಳೆಯೋದನ್ನ ಬಿಟ್ಟಿರಲಿಲ್ಲ.

ಹೊಲಿದವನನ್ನ ಮುಟ್ಟದೆ ಅವನು ಹೊಲಿದದ್ದರಲ್ಲಿ ಕೂತು ಜೀವ ಉಳಿಸಿಕೊಂಡು ದಡ ಸೇರೋದು, ಸೇರಿದ ಮೇಲೆ ತೊಳ್ಕೊಳ್ಳೋದು. ನಮ್ಮ ಹೊಳೆಯ ಇಷ್ಟು ಶತಮಾನಗಳ ಚರಿತ್ರೆಯಲ್ಲಿ ಇದೂ ಒಂದು ಭಾಗ. ಪೇಸ್‌ಗೆ ಇದು ಕಂಡಿರಲಿಲ್ಲ. ನನಗೆ ಕಾಣೋಕೂ ಮೂವತ್ತು ವರ್ಷ ಬೇಕಾಯ್ತು.

ಆಮೇಲೆ ಇನ್ನೊಂದು ವಿಷಯ ಹೊಳೀತು. ಹರಿಗೋಲಿಗೆ ಮೂರು ಕೈ ಬೇಕು. ಬಿದಿರಿನ ಕೈ, ತೊಗಲಿನ ಕೈ, ಹುಟ್ಟಿನ ಕೈ. 12ನೇ ಶತಮಾನದ ಶರಣರ ಸಾಲಿನಲ್ಲಿ ಈ ಮೂವರೂ ಇದ್ದಾರೆ: ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ. ಚೌಡಯ್ಯನ ಊರು ಅಂತ ಹೇಳೋದು ಹರಿಹರದಿಂದ ಕೆಳಗೆ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ. ಅದೂ ಇದೇ ತುಂಗಭದ್ರೆಯ ದಂಡೆ. ಮಿಕ್ಕ ವಚನಕಾರರು ಬಹುಪಾಲು ತಮ್ಮ ಇಷ್ಟದೈವದ ಹೆಸರನ್ನ ಅಂಕಿತ ಮಾಡಿಕೊಂಡರೆ, ಚೌಡಯ್ಯ ತನ್ನ ಹೆಸರನ್ನೇ, ಕಸುಬು ಸಮೇತ, ಅಂಕಿತ ಮಾಡಿಕೊಂಡ. ದೋಣಿ ನಡೆಸೋನು ತನ್ನ ಕೆಲಸಕ್ಕೆ ತಾನೇ ಸಹಿ ಹಾಕಿದ. ಎಂಟು ಶತಮಾನದ ನಂತರ ಆ ವಚನಗಳನ್ನ ಬಾಯಿಪಾಠ ಮಾಡಿದ್ದ ನಮ್ಮಜ್ಜ, ಅದೇ ಹೊಳೆಯ ಅಂಬಿಗನಿಂದ ದಾಟಿಸಿಕೊಂಡು ಬಂದು ತಲೆಗೆ ನೀರು ಹಾಕ್ಕೋತಿದ್ದ.

ಈ ಮೂರು ಕೈಗಳು ದೋಣಿಯಿಂದ ಒಂದೊಂದಾಗಿ ಹೋದದ್ದು ಹೇಗೆ ಅನ್ನೋದೂ ಚರಿತ್ರೆಯೇ. ಮೊದಲು ಹೋದದ್ದು ತೊಗಲು. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಮುಗಿದು ನಾಲೆಗಳಲ್ಲಿ ನೀರು ಹರಿಯಿತು. ಚನ್ನಗಿರಿ, ದಾವಣಗೆರೆ ಕಡೆ ಭತ್ತದ ಸೀಮೆಯಾಯ್ತು. ಭತ್ತಕ್ಕೆ ಗೊಬ್ಬರ ಬಂತು, ಗೊಬ್ಬರದ ಜತೆ ಪ್ಲಾಸ್ಟಿಕ್ ಚೀಲ ಬಂತು. ಪುಕ್ಕಟೆ ಸಿಗುವ, ಕೊಳೆಯದ, ಪ್ರತಿ ಸಲ ಒಣಗಿಸೋ ಕೆಲಸ ಇಲ್ಲದ ಚೀಲದ ಮುಂದೆ ತೊಗಲು ನಿಲ್ಲಲಿಲ್ಲ. ಅದೇ ಹೊತ್ತಿಗೆ ಕರೆಂಟಿನ ಪಂಪ್ ಬಂದು ಕಪಿಲೆಯೂ ಹೋಯ್ತು. ಎರಡು ಕೆಲಸವೂ ಒಂದೇ ಕಾಲಕ್ಕೆ ಹೋದ್ವು. ಇದನ್ನ ನಾನು ಕಸುಬು ಸತ್ತ ಕಥೆ ಅಂತ ಓದ್ತಿದ್ದೆ. ಅಜ್ಜಿ ಅದನ್ನ ಬಿಡುಗಡೆಯ ಕಥೆಯಾಗಿ ಓದಿದ್ರು. ಎರಡೂ ನಿಜ ಅಂತ ಹೇಳಿ ಜಾರಿಕೊಳ್ಳೋದು ಸುಲಭ. ಆದ್ರೆ ಆ ತೊಗಲು ಹೊತ್ತವರು ಯಾರು ಅನ್ನೋದನ್ನ ನೋಡಿದರೆ, ಯಾರ ಓದಿಗೆ ತೂಕ ಹೆಚ್ಚು ಅಂತ ಗೊತ್ತಾಗುತ್ತೆ.

ಆಮೇಲೆ ಬಿದಿರು. 1930ರ ದಶಕದಲ್ಲಿ ಶುರುವಾದ ಭದ್ರಾವತಿಯ ಕಾಗದ ಕಾರ್ಖಾನೆಗೆ ಮಲೆನಾಡಿನ ಕಾಡಿನ ಬಿದಿರು ಹೋಯ್ತು. ಮೇದಾರರಿಗೆ ಕಾಡು ದೂರವಾಯ್ತು. ಈಗ ಹಂಪಿ, ಹೊಗೇನಕಲ್‌ನಂಥ ಕಡೆ ಪ್ರವಾಸಿಗರನ್ನ ಕೂರಿಸಿ ಗಿರಗಿರ ತಿರುಗಿಸೋ ಹರಿಗೋಲುಗಳಲ್ಲಿ ಎಷ್ಟೋ ಫೈಬರಿನವು. ಅಚ್ಚಿನಲ್ಲಿ ಎರಕ ಹೊಯ್ದದ್ದು, ಹೆಣಿಗೆ ಬೇಡ.

ಕೊನೆಗೆ ಹುಟ್ಟು. ಹರಿಹರದಲ್ಲಿ 1868ರಲ್ಲೇ ಬೆಂಗಳೂರು-ಧಾರವಾಡ ರಸ್ತೆಗೆ 14 ಕಮಾನಿನ ಸೇತುವೆ ಆಗಿತ್ತು. ಮಿಕ್ಕ ಊರುಗಳಿಗೆ ಅಂಥದ್ದು ಬರೋಕೆ ನೂರು ವರ್ಷದ ಮೇಲೂ ಹಿಡೀತು. ಆನೆಗೊಂದಿಯಲ್ಲಂತೂ ಸೇತುವೆ ಕಟ್ಟಲು ಹೋಗಿ ಹಂಪಿಯ ಹೆಸರು 1999ರಲ್ಲಿ ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿ ಸೇರಿತು, 2006ರವರೆಗೂ ಅಲ್ಲೇ ಇತ್ತು. ಅರ್ಧ ಕಟ್ಟಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಗಳು ಸತ್ತರು. ಪೇಸ್ ದಾಟಿದ ಜಾಗದಲ್ಲಿ ಜನ ಆಗಲೂ ಹರಿಗೋಲಿನಲ್ಲೇ ದಾಟ್ತಿದ್ರು. ಸೇತುವೆ ಬೇಡ ಅಂತ ನಾನು ಹೇಳ್ತಿಲ್ಲ. ಬಸುರಿ ಹೆಂಗಸನ್ನ ತುಂಬಿದ ಹೊಳೆ ಮೇಲೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋದ ಅಜ್ಜನ ಕಥೆ ಕೇಳಿದವರು ಯಾರೂ ಹಂಗೆ ಹೇಳಲ್ಲ.

ನಮ್ಮ ಹರಿಗೋಲಿಗೆ ಕೊನೆಗೆ ಯೂರಿಯಾ ಚೀಲವನ್ನೇ ಹೊದಿಸಿದ್ವಿ. ಡಾಂಬರು ಕಾಯಿಸಿ ಬಳಿದು ಮೂರು ದಿನ ಒಣಗಿಸಿದ್ವಿ. ಜೂನ್ ಮೊದಲ ವಾರ ನೀರಿಗೆ ಇಳಿಸುವಾಗ ಅಜ್ಜ ಗಂಗಮ್ಮನಿಗೆ ಕಾಯಿ ಒಡೆದ. ಹುಟ್ಟು ನನ್ನ ಕೈಗೆ ಕೊಟ್ಟ. ನಾನು ಸುಮಾರು ಹತ್ತು ನಿಮಿಷ ಒಂದೇ ಜಾಗದಲ್ಲಿ ಬುಗುರಿ ಹಾಗೆ ಸುತ್ತಿದೆ. ದಡದ ಮೇಲಿದ್ದ ಹುಡುಗರು ಬಿದ್ದು ಬಿದ್ದು ನಕ್ಕರು. ಅಜ್ಜ ಹುಟ್ಟು ಇಸ್ಕೊಂಡು, ನಾಲ್ಕು ಎಳೆತಕ್ಕೆ ನಡುಹೊಳೆ ಮುಟ್ಟಿಸಿದ.

ವಾಪಸ್ ಬಂದ ಮೇಲೆ ನಾನು ಅಜ್ಜಿಯನ್ನ ಕರೆಯೋಕೆ ಹೋದೆ. ಮೊದಲ ಸುತ್ತಿಗೆ ಅವರು ಹತ್ತಲಿ ಅನ್ನೋದು ನನ್ನ ಆಸೆ. ದೊಡ್ಡ ಮನಸ್ಸು ತೋರಿಸಿದ ಹೆಮ್ಮೆ ಆಗಲೇ ನನ್ನೊಳಗೆ ಸ್ವಲ್ಪ ಬಂದಿತ್ತು. ಅವರು ಬರಲಿಲ್ಲ. "ನಂಗ್ಯಾಕಪ್ಪ, ಈಗ ಬಸ್ಸೈತೆ" ಅಂದ್ರು. ಆದ್ರೆ ಅವತ್ತು ಅವರು "ಅಪ್ಪ" ಅಂದ್ರು, "ಸಣ್ಣ ಗೌಡ್ರೆ" ಅನ್ನಲಿಲ್ಲ. ಟೀ ಕುಡಿದು ಬಂದೆ.

ಆ ಹರಿಗೋಲು ಎರಡು ಮಳೆಗಾಲ ಬಾಳಿತು. ಅಂಬಿಗರ ಹುಡುಗನೊಬ್ಬ ಮೀನಿಗೆ ಬಳಸ್ತಿದ್ದ. ಅಜ್ಜ ಈಗಿಲ್ಲ. ನಾನು ಎಣಿಸಿ ಬರೆದುಕೊಂಡ ನೋಟ್‌ಬುಕ್ ಇದೆ. ಅದರಿಂದ ಇನ್ನೊಂದು ಬುಟ್ಟಿ ಹೆಣೆಯೋಕೆ ನನ್ನ ಕೈಲಿ ಆಗಲ್ಲ. ಡಾಕ್ಯುಮೆಂಟೇಶನ್ ಇದೆ, ಕೋಡ್ ಬರೆದವನಿಲ್ಲ. ಈ ಕಷ್ಟ ನಮ್ಮ ಆಫೀಸಲ್ಲಿ ಎಲ್ರಿಗೂ ಗೊತ್ತು.

ಅವತ್ತು ಊಟದ ಟೇಬಲ್ಲಲ್ಲಿ ಇದಿಷ್ಟನ್ನೂ ಹೇಳೋಕೆ ಆಗಲಿಲ್ಲ, ಎರಡು ಗಂಟೆಗೆ ಮೀಟಿಂಗ್ ಇತ್ತು. ಬಿದಿರು ಚನ್ನಗಿರಿಯದ್ದು, ತಂಗಡಿ ಜಗಳೂರಿನದ್ದು, ಹೊಳೆ ನ್ಯಾಮತಿ, ಹೊನ್ನಾಳಿಯದ್ದು ಅಂತ ಮಾತ್ರ ಹೇಳಿದೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ, ಶಿವಮೊಗ್ಗದಿಂದ ಎರಡು ತಾಲ್ಲೂಕು, ಚಿತ್ರದುರ್ಗದಿಂದ ಕೆಲವು ಸೇರಿಸಿ. ಅದಕ್ಕಿಂತ ಬಹಳ ಮೊದಲೇ ಒಂದು ಬುಟ್ಟಿ ಇವನ್ನೆಲ್ಲ ಒಟ್ಟಿಗೆ ಹೆಣೆದಿತ್ತು. ಜಗಳೂರಿನವನು ಸಂಜೆ ಹೊರಡುವಾಗ ನನ್ನ ಡೆಸ್ಕ್ ಹತ್ತಿರ ಬಂದ. ತುಂಗಭದ್ರೆ ನೀರನ್ನ ಪೈಪಿನಲ್ಲಿ ಎತ್ತಿ 57 ಕೆರೆ ತುಂಬಿಸೋ ಯೋಜನೆ ಅವರ ಕಡೆ ಬಂದಿದೆ. "ನಮ್ಮೂರ ಕೆರೆಗೆ ನಿಮ್ಮ ಹೊಳೆ ನೀರು ಬಂದ್ರೆ ಒಂದು ಹರಿಗೋಲು ಬೇಕಾಗುತ್ತೆ ಕಣೋ. ಯಾರು ಹೆಣೆದು ಕೊಡ್ತಾರೆ?" ಅಂತ ಕೇಳಿದ.

ನಾನು ಅಂಬಿಗರ ಹುಡುಗನ ಫೋನ್ ನಂಬರ್ ಕೊಟ್ಟೆ. "ಅಜ್ಜನ ಹತ್ರ ಕಲಿತಿದಾನೆ. ಕೂಲಿ ಎಷ್ಟು ಅಂತ ಅವನೇ ಹೇಳಲಿ, ನೀನು ಚೌಕಾಸಿ ಮಾಡಬೇಡ" ಅಂದೆ.